ಮಹಡಿ ಮೇಲಿನ ಮಾಂಟೆಸರಿಯ ಅಕ್ಕ

ಹೋದ ವಾರ ಅಡುಗೆಮನೆಯ ಬಾಗಿಲು ಉಬ್ಬಿ ಮುಚ್ಚಲಾಗದೆ ಬಡಗಿಯನ್ನು ಕರೆಸಿದ್ದೆ. ಕೆಲಸ ಮುಗಿಸಿ ಹೋಗುವಾಗ ಅವನು ಸ್ಯಾಂಡ್‌ಪೇಪರಿನ ಚೂರೊಂದನ್ನು ಮರೆತುಹೋಗಿದ್ದ. ಎಸೆಯಲೆಂದು ಎತ್ತಿಕೊಂಡರೆ ನನ್ನ ಎರಡು ಬೆರಳು ತಾವಾಗಿಯೇ ಅದರ ಮೇಲೆ ಸರಿದಾಡಿದವು... ಮಗಳು ಮೂರು ವರ್ಷದವಳಿದ್ದಾಗ ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ‘ಅ’ ಮೇಲೆ ಹೀಗೆಯೇ ಬೆರಳಾಡಿಸಿ ಅಕ್ಷರ ಕಲಿತಿದ್ದಳು. ದೆಹಲಿಯಲ್ಲಿ ಕನ್ನಡದ ‘ಅ’! ಅದನ್ನು ಅವಳಿಗಾಗಿಯೇ ಮಾಡಿಕೊಟ್ಟವರು ಅಕ್ಕ.

ಅಕ್ಕ ದಾವಣಗೆರೆ ಕಡೆಯವರು. ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಹತ್ತಿರದ ಗಲ್ಲಿಯೊಂದರ ಬಾಡಿಗೆ ಮನೆಯಲ್ಲಿ ಮಾಂಟೆಸರಿ ನಡೆಸುತ್ತಿದ್ದರು. ಪಂಜಾಬಿ, ಬಂಗಾಳಿ ಮಕ್ಕಳೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದವು. ಅದು ಅವರ ಹೆಸರೆಂದೇ ತಿಳಿದ ತಾಯಂದಿರು ‘ಅಕ್ಕಾ ಮೇಡಂ’ ಎನ್ನುತ್ತಿದ್ದರು.

ಆಗ ನಾನು ಸಚಿವಾಲಯವೊಂದರ ವಿಜಿಲೆನ್ಸ್ ಶಾಖೆಯಲ್ಲಿದ್ದೆ. ಇನ್ನೊಬ್ಬರು ಕೊಟ್ಟ ವಿವರಣೆ ಓದಿ ಎಲ್ಲಿ ಹೊಂದುವುದಿಲ್ಲ ಎಂದು ಹುಡುಕುವುದೇ ನನ್ನ ಕೆಲಸ. ಆ ಚಾಳಿ ಸಂಜೆ ನನ್ನ ಜೊತೆ ಮನೆಗೂ ಬರುತ್ತಿತ್ತು. ಆದರೂ ಮಗಳಿಗೆ ಆರು ತುಂಬುವವರೆಗೆ ಅಕ್ಕನ ಮೇಲೆ ಯಾವ ಅನುಮಾನವೂ ಬಂದಿರಲಿಲ್ಲ. ಪುಟ್ಟ ಮಕ್ಕಳು ನೀರು ಸುರಿಯುವುದು, ಗುಂಡಿ ಹಾಕುವುದು, ಮಣಿ ಎಣಿಸುವುದು ಕಲಿಯಲಿ. ಆಮೇಲೆ ನಿಜವಾದ ಶಾಲೆ ಇದ್ದೇ ಇದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಕ್ಕ ಮಹಡಿಯ ಮೇಲೆ ದೊಡ್ಡ ಮಕ್ಕಳ ತರಗತಿ ಶುರುಮಾಡಿದರು.

“ಇವಳನ್ನ ಇನ್ನಾರು ವರ್ಷ ನನ್ನ ಹತ್ರಾನೇ ಬಿಡಿ,” ಎಂದರು. “ಇಷ್ಟು ದಿನ ಕೈಯಲ್ಲಿ ಮುಟ್ಟಿ ಕಲಿತಳು. ಈಗ ಯಾಕೆ, ಹೇಗೆ ಅಂತ ಕೇಳೋ ವಯಸ್ಸು. ಇಂಥ ಹೊತ್ತಲ್ಲಿ ಬೆಂಚಿನ ಮೇಲೆ ಕೂರಿಸಿಬಿಡಬೇಡಿ.”

ಮಾತು ಚೆನ್ನಾಗಿತ್ತು. ಅದೇ ನನ್ನ ಕಿವಿ ನೆಟ್ಟಗಾಗಲು ಕಾರಣ. ಫೀಸು ಕೊಡುವ ಮಕ್ಕಳು ಕೈತಪ್ಪದಿರಲು ಹೂಡಿದ ಉಪಾಯವೇ ಇದು? ಮಾನೇಸರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು, “ಮಗು ಖುಷಿಯಾಗಿದೆಯಲ್ಲ, ಬಿಡು,” ಎಂದರು. ಬಿಟ್ಟೆ. ಆದರೆ ಒಂದು ಕಣ್ಣಿಟ್ಟೇ ಇದ್ದೆ.

ಮಹಡಿಯಲ್ಲಿ ಪಠ್ಯಪುಸ್ತಕವಿಲ್ಲ, ಅಂಕವಿಲ್ಲ. ಒಂದು ದಿನ ಅಕ್ಕ ಕಪ್ಪು ಬಟ್ಟೆಯ ಸುರುಳಿಯನ್ನು ಗಲ್ಲಿಯುದ್ದಕ್ಕೂ ಬಿಚ್ಚಿದರಂತೆ. ಅದಷ್ಟೂ ಭೂಮಿಯ ವಯಸ್ಸು. ತುದಿಯ ಒಂದು ಕೆಂಪು ಎಳೆ ಮಾತ್ರ ಮನುಷ್ಯರದು. “ಅಮ್ಮಾ, ಹಮ್ ತೋ ಬಸ್ ಅಭೀ ಆಯೇ ಹೈಂ! ನಾವು ಈಗಷ್ಟೇ ಬಂದಿದೀವಿ!” ಎಂದು ಮಗಳು ಕುಣಿದಳು. ಎಂಟರ ಮಗ್ಗಿ ಕೇಳಿದೆ. ಮಣಿ ಇದ್ದರೆ ಹೇಳುತ್ತೇನೆ ಎಂದಳು. ಇನ್ನೊಮ್ಮೆ ಪುಸ್ತಕ ಹೇಗೆ ಅಚ್ಚಾಗುತ್ತದೆ ನೋಡಬೇಕೆಂದು ಮಕ್ಕಳೇ ಓಖ್ಲಾದ ಮುದ್ರಣಾಲಯವೊಂದಕ್ಕೆ ಫೋನು ಮಾಡಿ, ಬಸ್ಸು ಹತ್ತಿ ಹೊರಟರು. ನಾನು ಅರ್ಧ ದಿನ ರಜೆ ಹಾಕಿ ಆಟೋದಲ್ಲಿ ಹಿಂದೆಯೇ ಹೋದೆ. ಮಕ್ಕಳು ಪ್ರಶ್ನೆ ಕೇಳಿದರು, ಕೈಗೆ ಮಸಿ ಮೆತ್ತಿಕೊಂಡರು. ಅಕ್ಕ ಗೋಡೆಯ ಪಕ್ಕ ಸುಮ್ಮನೆ ನಿಂತಿದ್ದರು. ನನಗೆ ಏನೂ ಸಿಗಲಿಲ್ಲ. ಏನೂ ಸಿಗದ ಫೈಲನ್ನು ನಮ್ಮ ಶಾಖೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಮಗಳಿಗೆ ಎಂಟು ದಾಟಿದ ಚಳಿಗಾಲ. ಒಂದು ಭಾನುವಾರ ಅವಳು ಅಕ್ಕಪಕ್ಕದ ಚಿಕ್ಕ ಮಕ್ಕಳನ್ನು ವರಾಂಡದಲ್ಲಿ ಸಾಲಾಗಿ ಕೂರಿಸಿ, “ಇಧರ್ ಉಧರ್ ಮತ್ ದೇಖೋ. ಟೈಮ್ ಹೋ ಗಯಾ, ಪೆನ್ಸಿಲ್ ನೀಚೇ!” ಎಂದು ಪರೀಕ್ಷೆ ಕಾಯುವ ಮೇಷ್ಟರಂತೆ ಗದರಿಸುತ್ತಿದ್ದಳು. ಸಾಲಾಗಿ ಕೂರುವ ಶಾಲೆಯನ್ನೇ ಕಾಣದ ಮಗು ಇದನ್ನೆಲ್ಲಿ ಕಲಿತಿತು? ಕೇಳಿದೆ. “ಐಸೇ ಹೀ, ಸುಮ್ನೆ,” ಎಂದು ಮುಖ ತಿರುಗಿಸಿದಳು. ನನ್ನಿಂದ ಅವಳು ಏನನ್ನೋ ಮುಚ್ಚಿಟ್ಟದ್ದು ಅದೇ ಮೊದಲು.

ಮಾರನೆಯ ದಿನ ಹೇಳದೆ ಕೇಳದೆ ಮಹಡಿ ಹತ್ತಿದೆ. ನೆಲದ ಚಾಪೆಗಳನ್ನು ಸುತ್ತಿಟ್ಟಿದ್ದರು. ಮಡಚುವ ಮೇಜುಗಳು ಸಾಲಾಗಿ ನಿಂತಿದ್ದವು. ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರು. ಕೈಯಲ್ಲಿ ಗಡಿಯಾರ ಹಿಡಿದು ಅಕ್ಕ ಅವರ ನಡುವೆ ಓಡಾಡುತ್ತಿದ್ದರು. ನನ್ನನ್ನು ಕಂಡವರು ಮೆಟ್ಟಿಲಿಗೆ ಬಂದು ಬಾಗಿಲು ಮುಂದೆಳೆದುಕೊಂಡರು.

“ಏನಕ್ಕಾ ಇದು? ಪರೀಕ್ಷೆ ಬೇಡ ಅಂದವರು ನೀವೇ ಅಲ್ವಾ?”

“ಮನೆ ಮಾರ್ತಿದಾರೆ. ಮಾರ್ಚಿಗೆ ಖಾಲಿ ಮಾಡ್ಬೇಕು. ಬೇರೆ ಜಾಗ ಹುಡುಕಿದೆ, ಸಿಗಲಿಲ್ಲ... ಇವರೆಲ್ಲ ದೊಡ್ಡ ಶಾಲೆಗಳಿಗೆ ಹೋಗ್ಲೇಬೇಕಲ್ಲ. ಪರೀಕ್ಷೆ ಅಂದ್ರೆ ಹೆದರಬಾರದು, ಅದಕ್ಕೆ ಅದನ್ನೂ ಒಂದು ಕೆಲಸದ ಹಾಗೆ ಮಾಡಿಸ್ತಿದೀನಿ.”

“ನಿಮಗೆ ಯಾವಾಗ ಗೊತ್ತಾಯ್ತು?”

“ದಸರಾ ಹೊತ್ತಿಗೆ.”

“ನಮಗ್ಯಾಕೆ ಹೇಳಲಿಲ್ಲ?”

ಅಕ್ಕ ಒಮ್ಮೆ ಬಾಗಿಲ ಕಡೆ ನೋಡಿದರು. “ಹೇಳಲಿಲ್ಲ. ತಪ್ಪು ನಂದೇ.”

ನನ್ನ ಅನುಮಾನ ನಿಜವಾಗಿತ್ತು. ಆದರೂ ಗೆದ್ದ ಸಮಾಧಾನ ಬರಲಿಲ್ಲ. ದೆಹಲಿಯಲ್ಲಿ ನಡು ತರಗತಿಗೆ ಸೀಟು ಹುಡುಕುವುದೇನು ಹುಡುಗಾಟವೇ? ಶನಿವಾರದೊಳಗೆ ಎಲ್ಲರಿಗೂ ನೀವೇ ತಿಳಿಸಿ, ಇಲ್ಲವಾದರೆ ನಾನು ತಿಳಿಸುತ್ತೇನೆ ಎಂದು ಹೇಳಿ ಇಳಿದು ಬಂದೆ.

ತಿಳಿಸಿದರು. ಪೋಷಕರ ಸಭೆಯಲ್ಲಿ ಒಬ್ಬ ತಂದೆ ಮುಖಕ್ಕೇ “ಧೋಖಾ” ಎಂದು ಕೂಗಿದ. ಅಕ್ಕ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತೂ ಎದುರಾಡಲಿಲ್ಲ. ಆ ವಾರವೇ ಹೆಚ್ಚಿನವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ನಮ್ಮವಳು ಮಾತ್ರ ಬಾಗಿಲ ಚೌಕಟ್ಟು ಹಿಡಿದು ಅತ್ತಳು. ಯಮುನೆಯ ದೊಡ್ಡ ನಕ್ಷೆಯೊಂದು ಅರ್ಧವಾಗಿತ್ತಂತೆ. “ಮೇರಾ ಕಾಮ್ ಖತಮ್ ನಹೀ ಹುವಾ, ಅಮ್ಮಾ!” ಕಡೆಯ ದಿನದವರೆಗೂ ಕಳಿಸಿದೆ. ಇತ್ತ ಶಾಲೆಯಿಂದ ಶಾಲೆಗೆ ಅಲೆದೆ. ಕೊನೆಗೆ ಒಂದು ಕಡೆ ಪ್ರವೇಶ ಪರೀಕ್ಷೆ ಬರೆದು ಹೊರಬಂದವಳು, “ಅಕ್ಕ ಮಾಡಿಸಿದ ಹಾಗೇ ಇತ್ತು,” ಎಂದಷ್ಟೇ ಹೇಳಿ ಚಿಪ್ಸ್ ಕೇಳಿದಳು. ಸೀಟು ಸಿಕ್ಕಿತು.

ಅಕ್ಕ ದಾವಣಗೆರೆಗೆ, ತಮ್ಮನ ಮನೆಗೆ ಹೋದರು. ಯುಗಾದಿಗೆ ಫೋನು ಮಾಡುತ್ತಿದ್ದರು. ಮಗಳು ಬಹಳ ಹೊತ್ತು ಮಾತಾಡುತ್ತಿದ್ದಳು. ನಾನು ಕ್ಷೇಮ ವಿಚಾರಿಸಿ ಇಟ್ಟುಬಿಡುತ್ತಿದ್ದೆ. ಆಮೇಲೊಂದು ವರ್ಷ ಫೋನು ಬರಲಿಲ್ಲ... ತೀರಿಕೊಂಡರೆಂದು ಅವರ ತಮ್ಮ ತಿಳಿಸಿದರು.

ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ಅಕ್ಕನ ಮಾತು ತೆಗೆದೆ. “ಒಳ್ಳೆಯವರೇ. ಆದರೆ ಅಷ್ಟು ತಿಂಗಳು ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದರಲ್ಲ, ಅದನ್ನ ಮರೆಯೋಕಾಗಲ್ಲ,” ಎಂದೆ.

ಅವಳು ಊಟ ನಿಲ್ಲಿಸಿದಳು. “ಅಮ್ಮಾ, ಅಕ್ಕ ಹೇಳ್ತೀನಿ ಅಂತಾನೇ ಅಂದಿದ್ರು. ನಾವೇ ಬೇಡ ಅಂದ್ವಿ.”

ಮನೆ ಮಾರುವ ಸುದ್ದಿಯನ್ನು ಅಕ್ಕ ಮೊದಲು ಹೇಳಿದ್ದು ಮಕ್ಕಳಿಗಂತೆ. ನಾಳೆ ನಿಮ್ಮ ಅಪ್ಪ ಅಮ್ಮನಿಗೆ ತಿಳಿಸುತ್ತೇನೆ ಎಂದರಂತೆ. ಮಕ್ಕಳು ಸುತ್ತ ಕೂತು ಚರ್ಚೆ ಮಾಡಿ, ಕೈಯೆತ್ತಿ, ಬೇಡವೆಂದು ತೀರ್ಮಾನಿಸಿದರಂತೆ. “ಹೇಳಿದ್ರೆ ನೆಕ್ಸ್ಟ್ ಡೇನೇ ಸಬ್ ಕೋ ನಿಕಾಲ್ ಲೇತೇ, ಎಲ್ಲರನ್ನೂ ಬಿಡಿಸಿಕೊಂಡು ಹೋಗ್ತಿದ್ರಿ. ಕೆಲಸ ಎಲ್ಲ ಅರ್ಧಕ್ಕೆ ನಿಂತುಹೋಗ್ತಿತ್ತು. ಎಲ್ಲರಿಗಿಂತ ಜಾಸ್ತಿ ಹಟ ಮಾಡಿದ್ದು ನಾನೇ. ಮೀಟಿಂಗಲ್ಲಿ ಬೈಸಿಕೊಂಡಾಗ ನಮ್ಮ ಹೆಸರು ಹೇಳಬಹುದಿತ್ತು. ಹೇಳಲಿಲ್ಲ.”

ಅಕ್ಕನ ಹೆಸರುಳಿಸಲು ಇವಳೇ ಈಗ ಕಟ್ಟಿದ ಕಥೆಯೋ ಎಂದು ಒಂದು ಕ್ಷಣ ಅವಳ ಮುಖವನ್ನೇ ನೋಡಿದೆ. ಹಾಗೆ ಕಾಣಲಿಲ್ಲ.

“ಆದರೂ ದೊಡ್ಡವರಾಗಿ ಅವರು ಮಕ್ಕಳ ಮಾತಿಗೆ ಒಪ್ಪಬಾರದಿತ್ತು,” ಎಂದೆ. ಈಗಲೂ ನನ್ನ ಅಭಿಪ್ರಾಯ ಅದೇ.

“ಅಕ್ಕನಿಗೂ ಹಾಗೇ ಅನಿಸಿರ್ಬೇಕು,” ಎಂದಳು ಮಗಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಕೂತೇ ಇದ್ದೆ. ಕೇಳಬೇಕಾದ ಪ್ರಶ್ನೆಗಳು ಒಂದೊಂದಾಗಿ ಹೊಳೆಯುತ್ತಿದ್ದವು. ಕೇಳೋಣವೆಂದರೆ ಅಕ್ಕ ಇಲ್ಲ...