ಅರ್ಧ ಅಳತೆಯ ಔಷಧ

ಎಂಬತ್ತರ ದಶಕದಲ್ಲಿ ನಾನು ಬಂಗಾರಪೇಟೆಯ ಸಮೀಪದ ಒಂದು ಹಾಲು ಶೀತಲೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು; ಉದ್ಯೋಗ ಇನ್ನೂ ಕಾಯಂ ಆಗಿರಲಿಲ್ಲ.

ಕ್ಯಾಸಂಬಳ್ಳಿ ಕಡೆಯಿಂದ ಬರುವ ಹಾಲಿನ ಕ್ಯಾನುಗಳನ್ನು ತೊಳೆಯುತ್ತಿದ್ದವರು ದಿನಗೂಲಿಯ ಒಬ್ಬ ಹೆಂಗಸು. ನನಗಿಂತ ಹಿರಿಯರಾದ ಅವರನ್ನು ಅಕ್ಕ ಎನ್ನುತ್ತಿದ್ದೆ. ಕ್ರಿಮಿನಾಶಕ ಬೆರೆಸಿದ ನೀರಿನಿಂದ ಅವರ ಬೆರಳುಗಳು ಬಿರಿದಿದ್ದವು.

"ಉಳ ಸಾಯ್ತವೋ ಇಲ್ವೋ, ಈ ಔಷ್ದಿ ಮೊದ್ಲು ನನ್ನ ಸಾಯಿಸ್ತದೆ ಸಾರ್. ಮುದ್ದೆ ಮುರಿಯಾಕೂ ಆಗ್ತಿಲ್ಲ," ಎಂದು ಒಂದು ದಿನ ಕೈ ಚಾಚಿ ತೋರಿಸಿದರು.

"ಅರ್ಧ ಅಳತೆ ಹಾಕಿ ಅಕ್ಕಾ, ಸಾಕು," ಎಂದೆ. ಕರುಣೆಯಿಂದಲೇ ಹೇಳಿದ್ದೆ.

ಕೆಲವು ತಿಂಗಳ ನಂತರ ಆ ಕ್ಯಾನುಗಳ ಹಾಲು ಪದೇ ಪದೇ ಹುಳಿಯತೊಡಗಿತು. ಗಾಬರಿಯಿಂದ, ಯಾರಿಗೂ ತಿಳಿಸದೆ, ಪೂರ್ತಿ ಅಳತೆ ಹಾಕಿಸಿದೆ. ಆದರೂ ಹುಳಿಯಿತು. ಮುಚ್ಚಳದ ರಬ್ಬರ್ ಬಳೆಯ ಅಡಿಯಲ್ಲಿದ್ದ ಲೋಳೆಯನ್ನು ತೆಗೆದು, ಪೂರ್ತಿ ಅಳತೆಯ ಔಷಧದಲ್ಲಿಟ್ಟು ಪರೀಕ್ಷಿಸಿದಾಗಲೂ ಅದರಲ್ಲಿದ್ದ ಬ್ಯಾಕ್ಟೀರಿಯಾ ಸಾಯಲಿಲ್ಲ. ಅರ್ಧ ಅಳತೆಗೆ ದುರ್ಬಲವಾದವು ಸತ್ತು, ತಡೆದುಕೊಂಡವು ಉಳಿದು, ಅವುಗಳ ಸಂತತಿಯೇ ಅಲ್ಲಿ ಹಬ್ಬಿತ್ತು. ಕಾಲೇಜಿನ ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕ ಗಳಿಸಿದ್ದ ವಿಷಯವದು.

ಅಷ್ಟರಲ್ಲಿ ಮೇಲಧಿಕಾರಿಗಳು ಅಕ್ಕನನ್ನು ಕರೆಸಿದ್ದರು.

"ಬರೀ ನೀರಲ್ಲಿ ಅದ್ದಿ ಇಡ್ತೀಯೇನಮ್ಮಾ? ನಾಳೆಯಿಂದ ಬರಬೇಡ."

"ಇಲ್ಲ ಸಾಮಿ. ಏಳ್ದಂಗೇ ಆಕಿದೀನಿ," ಎಂದರು ಅಕ್ಕ. ಹೇಳಿದವರು ಯಾರೆಂದು ಬಾಯಿ ಬಿಡಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನ್ನತ್ತ ನೋಡಲೂ ಇಲ್ಲ. ಸುಮ್ಮನಿದ್ದರೆ ನನ್ನ ಉದ್ಯೋಗ ಉಳಿಯುತ್ತಿತ್ತು, ಅವರದು ಹೋಗುತ್ತಿತ್ತು.

"ಸರ್, ಅಳತೆ ಕಡಿಮೆ ಮಾಡಿಸಿದವನು ನಾನು," ಎಂದೆ.

ಅಧಿಕಾರಿಗಳು ನನ್ನ ಕಾಯಮಾತಿಯನ್ನು ಒಂದು ವರ್ಷ ಮುಂದೂಡಿದರು, ಅಕ್ಕನನ್ನು ಉಳಿಸಿಕೊಂಡರು.

ಮರುದಿನ ಇಬ್ಬರೂ ಕುಳಿತು ಹಳೆಯ ರಬ್ಬರ್ ಬಳೆಗಳನ್ನು ಕಿತ್ತೆಸೆದು, ಕ್ಯಾನುಗಳನ್ನು ಸೋಡಾ ಹಾಕಿ ಉಜ್ಜಿ, ಕುದಿಯುವ ನೀರು ಸುರಿದೆವು. ನಡುವೆ ನಾನು ಕ್ಷಮೆ ಕೇಳಿದೆ.

"ಓದ್ದೋರು, ತಿಳ್ದೋರು ಅಂತ ನಂಬ್ಕೊಂಡಿದ್ದೆ," ಎಂದು ಅಕ್ಕ ಉಜ್ಜುತ್ತಲೇ ನುಡಿದರು. "ಇನ್ಮ್ಯಾಕೆ ನಾನು ಅತ್ರೂ ಅಳತೆ ಕಮ್ಮಿ ಮಾಡ್ಬ್ಯಾಡಿ ಸಾರ್. ಕೈಗೆ ಏನಾರ ಆಕ್ಕೊಳ್ಳಾಕೆ ಕೊಡ್ಸಿ, ಸಾಕು."

ಅಷ್ಟು ದಿನವೂ ನನಗೆ ಅದು ಹೊಳೆದಿರಲಿಲ್ಲ. ಆ ಮಧ್ಯಾಹ್ನವೇ ರಬ್ಬರ್ ಕೈಗವಸು ಬೇಕೆಂದು ಅರ್ಜಿ ಬರೆದೆ.