ಏಳನೇ ವರ್ಷದ ರಾಗಿ

ಚಿಕ್ಕಜಾಜೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕ್ರೈಸ್ತ ಉಪದೇಶಿ ಇದ್ದರು. ಸಾಲದ ಮಾತು ಬಂದರೆ ಸಾಕು, ಮುಷ್ಟಿ ಕಟ್ಟಿ, ಬಿಚ್ಚಿ ತೋರಿಸುತ್ತಿದ್ದರು. "ಬೈಬಲ್ಲಿನ ಇಬ್ರಿಯ ಭಾಷೆಲಿ ಸಾಲ ಬಿಡೋದಕ್ಕೆ ಶೆಮಿಟ್ಟಾ ಅಂತಾರೆ ಕಣಮ್ಮ. ಹಿಡಿದಿದ್ದನ್ನ ಜಾರಕ್ಕೆ ಬಿಡೋದು ಅಂತ ಅರ್ಥ. ಏಳನೇ ವರ್ಷ ಬಿಡಬೇಕು."

ನನ್ನ ಗಂಡ ಅವರಿಂದ ಒಂದು ಚೀಲ ರಾಗಿ ಸಾಲ ತಂದಿದ್ದ. ತೀರಿಸಲು ಹೊತ್ತುಕೊಂಡು ಹೋದದ್ದು ಏಳನೇ ವರ್ಷ. ಅವತ್ತು ಬೆಳಿಗ್ಗೆಯೇ ಅವರ ಹೆಂಡತಿ ಮನೆಯಲ್ಲಿ ಹಿಟ್ಟಿಲ್ಲವೆಂದು ನನ್ನ ಹತ್ತಿರ ಕಡ ಒಯ್ದಿದ್ದಳು. ಆದರೂ ಉಪದೇಶಿ ಅಂಗೈ ಬಿಚ್ಚಿದರು.

"ಜಾರಿ ಹೋತು. ತಗಂಡೋಗಪ್ಪ."

ಗಂಡ ಚೀಲ ಎತ್ತಲು ಬಗ್ಗಿದ. ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ ಬಂದು ಅದರ ಮೇಲೆ ಕುಂತಳು.

"ಜಾರಿದ್ದು ನಮ್ಮಂಗಳದಾಗೇ ಬಿದ್ದೈತೆ, ಬಿಡ್ರಿ."

ಉಪದೇಶಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಆಮೇಲೆ ಚೀಲ ಒಳಗೆ ಒಯ್ಯಲು ಹೆಂಡತಿಯ ಜೊತೆ ಒಂದು ತುದಿ ಹಿಡಿದರು.