ಕೈಗೆ ಸಿಕ್ಕಿದ್ದು, ಹೋಗಿ ಮುಟ್ಟಿದ್ದು

ಟ್ಯೂಷನ್ ಹೇಳುವವರ ಗುಟ್ಟೊಂದನ್ನು ನಿಮಗೆ ಹೇಳಿಬಿಡುತ್ತೇನೆ. ಉತ್ತರ ಕೂಡಲೇ ಬಾಯಿಗೆ ಬಾರದಿದ್ದರೆ ನಾವು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತೇವೆ. ನಿನ್ನೆ ಸಂಜೆ, ದಾವಣಗೆರೆ ವಿನೋಬನಗರದ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗಿ, ‘ಮಿಸ್, ಅಬ್ಟೇನ್ ಅಂದ್ರೂ ಪಡೆಯೋದು, ಅಟೇನ್ ಅಂದ್ರೂ ಪಡೆಯೋದು ಅಂತ ಡಿಕ್ಷನರಿಯಾಗ ಬರ್ದೈತೆ. ಹಂಗಾದ್ರೆ ಏನು ವ್ಯತ್ಯಾಸ?’ ಎಂದಾಗ ನಾನು ಒರೆಸತೊಡಗಿದೆ. ಉತ್ತರವೇನೋ ಗೊತ್ತಿತ್ತು. ಅದರ ಜೊತೆಗೇ ಹೇಳಿಕೊಟ್ಟವಳೂ ನೆನಪಾಗಿದ್ದಳು.

ಅವಳು ಹರಿಹರದ ದೊಡ್ಡಮ್ಮ, ನನ್ನ ತಾಯಿಯ ಅಕ್ಕ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ರಜೆಗೆ ಹೋದರೆ ಅಡುಗೆಮನೆಯಲ್ಲೇ ನನಗೆ ಪಾಠ. ‘ಗ್ಯಾಸ್ ಕನೆಕ್ಷನ್ ಅಬ್ಟೇನ್ ಮಾಡ್ತೀವಿ. ಅರ್ಜಿ ಹಾಕಿದ್ರೆ ಕೈಗೆ ಸಿಗುತ್ತೆ. ಹದಿನೆಂಟು ವರ್ಷ ಅಟೇನ್ ಮಾಡ್ತೀವಿ. ಅದನ್ನ ಯಾರೂ ಕೊಡಂಗಿಲ್ಲ, ದಿನಾ ಬದುಕಿ ನಾವೇ ಹೋಗಿ ಮುಟ್ಟಬೇಕು.’ ಆಮೇಲೆ ಈರುಳ್ಳಿ ಹೆಚ್ಚುತ್ತಾ, ‘ಕೈಗೆ ಸಿಕ್ಕಿದ್ದನ್ನ ಕೊಟ್ಟೋರು ವಾಪಸ್ ಕೇಳಬಹುದು, ನೋಡು’ ಎಂದಿದ್ದಳು. ಇದೆಲ್ಲ ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ ಆಗ ನನ್ನ ಚಿಂತೆ.

ಅವಳಿಗೆ ಮಕ್ಕಳಿರಲಿಲ್ಲ. ನನಗೆ ನಾಲ್ಕು ವರ್ಷವಾಗಿದ್ದಾಗ, ತಮ್ಮ ಹುಟ್ಟಿದ ಹೊಸದರಲ್ಲಿ, ತಾಯಿ ನನ್ನನ್ನು ಅವಳ ಉಡಿಗೆ ಹಾಕಿದಳು. ನಮ್ಮಲ್ಲಿ ಮಗುವನ್ನು ಕೊಡುವುದೆಂದರೆ ಹಾಗೆಯೇ. ಸೆರಗೊಡ್ಡಿ ಕೂತವಳ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ, ಮೇಲೆ ಮಗುವನ್ನು ಕೂರಿಸುವುದು. ಹರಿಹರದಲ್ಲಿ ನಾನು ಅವಳನ್ನು ಅವ್ವ ಎಂದೆ. ಜ್ವರ ಬಂದರೆ ಸ್ಟಾಫ್ ರೂಮಿನ ಬೆಂಚಿನ ಮೇಲೆ ನನ್ನನ್ನು ಮಲಗಿಸಿ, ಪಾಠದ ನಡುವೆ ಎದ್ದು ಬಂದು ಹಣೆ ಮುಟ್ಟಿ ಹೋಗುತ್ತಿದ್ದಳು.

ನನಗೆ ಎಂಟಾಗುವಷ್ಟರಲ್ಲಿ ತಮ್ಮ ಕಾಯಿಲೆಯಿಂದ ತೀರಿಕೊಂಡ. ಕೆಲವು ತಿಂಗಳ ಮೇಲೆ ತಾಯಿ ದಾವಣಗೆರೆಯಿಂದ ಬಂದು ಪಡಸಾಲೆಯಲ್ಲಿ ಕೂತಳು.

‘ಅಕ್ಕಾ, ಮನಿ ಭಣಭಣ ಅಂತೈತೆ’ ಎಂದಳು. ಬೇರೇನೂ ಕೇಳಲಿಲ್ಲ.

ದೊಡ್ಡಮ್ಮ ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತಂದಳು. ‘ಉಡ್ಯಾಗ ತಗಂಡಿದ್ದು, ಉಡ್ಯಾಗೇ ಕೊಡ್ತೀನಿ. ಸೆರಗು ಒಡ್ಡು’ ಎಂದಳು.

ಅಷ್ಟು ದೊಡ್ಡವಳಾದ ನಾನು ತಾಯಿಯ ಮಡಿಲಲ್ಲಿ ಹಿಡಿಸಲಿಲ್ಲ. ಕಾಲುಗಳು ನೆಲದ ಮೇಲೆ ಚಾಚಿಕೊಂಡಿದ್ದವು. ನನಗೆ ನಗು ಬಂತು. ಅಕ್ಕತಂಗಿಯರಿಬ್ಬರೂ ಅಳುತ್ತಿದ್ದರು.

ಮುಂದಿನ ಸಲ ಹರಿಹರಕ್ಕೆ ಹೋದಾಗ, ತಾಯಿ ಹೇಳಿಕೊಟ್ಟಂತೆ ‘ದೊಡ್ಡಮ್ಮಾ’ ಎಂದು ಕರೆದೆ. ‘ಹಾಂ, ಹಂಗೇ ಅನ್ಬೇಕು’ ಎಂದವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆಮೇಲೆ ಅವಳು ನನ್ನ ಮೇಲೆ ಯಾವ ಹಕ್ಕನ್ನೂ ಸಾಧಿಸಲಿಲ್ಲ. ನನ್ನ ಮದುವೆಯಲ್ಲಿ ಕೂಡ ಹೆಂಗಸರ ಸಾಲಿನ ಹಿಂದೆ ನಿಂತು ಅಕ್ಷತೆ ಹಾಕಿದಳು.

ಈಚೆಗೆ ಅವಳು ಹೋದಳು. ಹರಿಹರದಲ್ಲಿ ಮಣ್ಣು ಮಾಡುವಾಗ ಗುಂಡಿಯ ಬಳಿ ಸ್ವಾಮಿಗಳು, ‘ಮಕ್ಕಳು ಇದ್ರೆ ಮುಂದೆ ಬರ್ರಿ, ವಿಭೂತಿ ಹಾಕ್ರಿ’ ಎಂದರು.

‘ಆಯಮ್ಮಗೆ ಮಕ್ಕಳಿಲ್ರಿ’ ಎಂದಿತು ಹಿಂದಿನಿಂದ ಒಂದು ದನಿ.

ನನ್ನ ತಾಯಿ ಪಕ್ಕದಲ್ಲೇ ನಿಂತಿದ್ದಳು. ಒಮ್ಮೆ ಮಗನನ್ನು ಕಳೆದುಕೊಂಡವಳ ಎದುರಿಗೆ ಇನ್ನೊಬ್ಬಳ ಮಗಳಾಗಿ ಹೇಗೆ ಮುಂದೆ ಹೋಗಲಿ, ನೀವೇ ಹೇಳಿ. ಕೊನೆಗೆ ದೊಡ್ಡಪ್ಪನ ಕಡೆಯ ಯಾರೋ ಹೋಗಿ ಹಾಕಿದರು.

ನಿನ್ನೆ ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಲೇ ಇದ್ದಳು.

‘ನಾಳೆ ಹೇಳ್ತೀನವ್ವ. ನಮ್ಮವ್ವ ತೀರ್ಕಂಡು ಇನ್ನೂ ತಿಂಗಳಾಗಿಲ್ಲ’ ಎಂದುಬಿಟ್ಟೆ.

ಹುಡುಗಿ ಗಾಬರಿಯಿಂದ ಅಡುಗೆಮನೆಯತ್ತ ನೋಡಿದಳು. ಅಲ್ಲಿ, ಈಗ ನಮ್ಮ ಜೊತೆಗೇ ಇರುವ ನನ್ನ ತಾಯಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು. ನನಗೆ ತಲೆ ಎತ್ತಲು ಧೈರ್ಯವಾಗಲಿಲ್ಲ.

‘ಹೌದವ್ವ,’ ತಾಯಿ ಒಳಗಿನಿಂದಲೇ ಹುಡುಗಿಗೆ ಹೇಳಿದಳು, ‘ನಿಮ್ಮ ಮಿಸ್ಸಿನ ಅವ್ವ ಹರಿಹರದಾಗಿದ್ಲು. ನೀನು ನಾಳೆ ಬಾ.’